ಮೂರು ಚುಕ್ಕಿ, ಒಂದು ಕೊಂಬು

ಮಾರ್ಚ್ 3, ಸೋಮವಾರ

ಹಳೆಯ ಚೀಟಿ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮಾವನಿಗೆ ಗೊತ್ತಾದರೆ ಕಾಗದ ಹಾಳು ಮಾಡಿದೆ ಎಂದು ದಿನವಿಡೀ ಗೊಣಗುತ್ತಾರೆ. ಗೊಣಗಲಿ. ಈ ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲ, ಕಾಗದವಾದರೂ ಕೇಳಲಿ. ಬರೆದಾದ ಮೇಲೆ ನೀಲಿ ಡಬ್ಬದ ಅಡಿಗೆ ಇಡುತ್ತೇನೆ. ಅಲ್ಲಿಗೆ ನನ್ನ ಕೈ ಬಿಟ್ಟು ಬೇರೆ ಕೈ ಹೋಗುವುದಿಲ್ಲ.

ಇವತ್ತು ಬೆಳಗ್ಗೆಯೇ ಪಾಠವಾಯಿತು. ಬೇಕರಿಯವರ ಮೇಜುಬಟ್ಟೆಯನ್ನು ಡಾಕ್ಟರ ಗಂಟಿನ ಮೇಲೆ ಇಟ್ಟಿದ್ದೆ. ಕಟ್ಟಿರಲೂ ಇಲ್ಲ, ಸುಮ್ಮನೆ ಇಟ್ಟಿದ್ದೆ. ಮಾವ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಕನ್ನಡಕದ ಮೇಲಿಂದ ನೋಡಿದರು.

“ನಲವತ್ತು ವರ್ಷ ಆಯ್ತಮ್ಮ ಈ ಲಾಂಡ್ರಿ ತೆಗೆದು. ಒಂದು ಕರವಸ್ತ್ರ ಬೇರೆ ಮನೆ ಸೇರಿಲ್ಲ.”

“ಗೊತ್ತು ಮಾವ.”

“ನಿನಗೆ ಗೊತ್ತಿದ್ರೆ ಸಾಲದು. ಕೈಗೆ ಗೊತ್ತಿರ್ಬೇಕು.”

ಪ್ರತಿ ಮನೆಗೂ ಒಂದೊಂದು ಗುರುತು. ಕಾಲರಿನ ಒಳಗೆ, ಎಷ್ಟು ಒಗೆದರೂ ಹೋಗದ ಮಸಿಯಲ್ಲಿ. ಬೇಕರಿಗೆ ಒಂದು ಸೊನ್ನೆ. ಡಾಕ್ಟರಿಗೆ ಎರಡು ಗೆರೆ. ಎದುರಿನ ಶಾಲೆಯ ಮೇಷ್ಟ್ರಿಗೆ ಮೂರು ಚುಕ್ಕಿ, ಪಕ್ಕದಲ್ಲಿ ಒಂದು ಕೊಂಬು. ಕಾಗುಣಿತ ಕಲಿಸುವವರಿಗಲ್ಲದೆ ಇನ್ಯಾರಿಗೆ ಕೊಂಬು ಕೊಡುವುದು ಎಂದು ಮಾವ ನಕ್ಕಿದ್ದರಂತೆ. ಇವು ಯಾವ ಪುಸ್ತಕದಲ್ಲೂ ಇಲ್ಲ. ಮಾವನ ತಲೆಯಲ್ಲಿ ಎಲ್ಲ ಇವೆ, ನನ್ನ ತಲೆಯಲ್ಲಿ ಅರ್ಧ, ಒಂಬತ್ತು ವರ್ಷದ ನನ್ನ ಮಗಳ ತಲೆಯಲ್ಲಿ ಮುಕ್ಕಾಲು. ಶಾಲೆ ಮುಚ್ಚಿದ ಮೇಲೆ ಅವಳಿಗೆ ಇದೇ ಆಟ.

ಗುರುತಿನ ಜೊತೆಗೆ ಎರಡು ಕಟ್ಟಳೆ. ಊರ ಬಟ್ಟೆ ನಮ್ಮ ಮೈಮೇಲೆ ಬರಬಾರದು. ಬಟ್ಟೆ ಕೈಗೆ ಕೊಡದೆ ಚೀಟಿ ಹರಿಯಬಾರದು. ಮದುವೆಯಾಗಿ ಬಂದ ದಿನವೇ ಇವೆರಡನ್ನೂ ನನಗೆ ಹೇಳಿದ್ದರು. ಊಟ ಮಾಡಿದೆಯಾ ಎಂದು ಕೇಳಿದ್ದು ಆಮೇಲೆ.

ಮಧ್ಯಾಹ್ನ ಮೇಷ್ಟ್ರು ಬಂದು ಹೋದರು. ಅವರದೊಂದು ಬಿಳಿ ಅಂಗಿ ನಾಲ್ಕು ತಿಂಗಳಿಂದ ನಮ್ಮ ಬೀರುವಿನಲ್ಲೇ ಇದೆ. ಹೊಸಬರ ಸೈನ್ಯ ಊರಿಗೆ ಬಂದು ಶಾಲೆ ಮುಚ್ಚಿಸಿದಾಗಿನಿಂದ. “ಅದು ಶಾಲೆ ಅಂಗಿ ಅಮ್ಮ. ಶಾಲೆ ತೆರೆದ ದಿನ ತಗೊಂಡು ಹೋಗ್ತೀನಿ. ಮನೇಲಿಟ್ರೆ ಮಡಿಕೆ ಬೀಳುತ್ತೆ” ಎನ್ನುತ್ತಾರೆ.

“ಚೀಟಿ ಜೋಪಾನ ಮೇಷ್ಟ್ರೆ. ಕಳೆದ್ರೆ ಅಂಗಿ ನಮ್ಮದೇ” ಎಂದು ಕೆಣಕಿದೆ.

“ಕಳೆಯೋನಲ್ಲಮ್ಮ ನಾನು” ಎಂದು ಕನ್ನಡಕದ ಡಬ್ಬಿ ತೆರೆದು, ನಾಲ್ಕಾಗಿ ಮಡಿಸಿದ ಚೀಟಿ ತೋರಿಸಿದರು. ಮನುಷ್ಯ ಒಳ್ಳೆಯವರು. ಹೆಂಡತಿ ಮಾತ್ರ ಬಟ್ಟೆಯನ್ನು ನನ್ನ ಎದುರಿಗೇ ಮೂರು ಸಲ ಎಣಿಸುತ್ತಾಳೆ. ಈ ಕಾಲದಲ್ಲಿ ಯಾರನ್ನು ನಂಬುವುದು ಎಂದು ಬೇರೆ ಹೇಳುತ್ತಾಳೆ.

ಸೈನ್ಯಕ್ಕೆ ಹೋದ ನನ್ನ ಗಂಡ, ಅವರ ಸುದ್ದಿ ಇಲ್ಲದೆ ಇವತ್ತಿಗೆ ಐದು ತಿಂಗಳು. ಗಡಿಯಲ್ಲಿ ನಮ್ಮವರ ಸೈನ್ಯ ಒಡೆದು ಚೆಲ್ಲಾಪಿಲ್ಲಿಯಾಯಿತು ಎನ್ನುವುದಷ್ಟೇ ಗೊತ್ತು. ಅವರ ಅಂಗಿಗಳನ್ನೆಲ್ಲ ಕತ್ತರಿಸಿ ಮಗಳಿಗೆ ಹೊಲಿದುಕೊಟ್ಟೆ. ಒಂದು ಬಿಟ್ಟು. ಹೋಗುವ ಬೆಳಗ್ಗೆ ಮೈಯಿಂದ ಬಿಚ್ಚಿ ಗೂಟಕ್ಕೆ ಹಾಕಿದ ಬಿಳಿ ಅಂಗಿ ನನ್ನ ಪೆಟ್ಟಿಗೆಯಲ್ಲಿದೆ. ಊರಿನ ಕೊಳೆಯೆಲ್ಲ ಒಗೆಯುವ ಈ ಮನೆಯಲ್ಲಿ ಒಗೆಯದ ಬಟ್ಟೆ ಅದೊಂದೇ.

ಮಾರ್ಚ್ 6, ಗುರುವಾರ

ಇವತ್ತು ಅಕ್ಷರ ನೆಟ್ಟಗಿಲ್ಲ.

ಮಧ್ಯಾಹ್ನ ಮಾವ ಒಳಗೆ ಮಲಗಿದ್ದರು, ಮಗಳು ಅವರ ಪಕ್ಕದಲ್ಲಿ. ನಾನು ಹಿತ್ತಲಿನ ಹಂಡೆಯ ಹತ್ತಿರ. ಆವಿಯ ಆಚೆ ಯಾರೋ ನಿಂತಂತಾಯಿತು. ಕಿರುಚಬೇಕೆಂದು ಬಾಯಿ ತೆರೆದೆ, ಅವರು ಕೈ ಅಡ್ಡ ಇಟ್ಟರು. ಅವರೇ. ಗಡ್ಡ ಬಂದಿದೆ. ಕೆನ್ನೆ ಒಳಗೆ ಹೋಗಿದೆ. ಸೈನ್ಯದ ಅಂಗಿಯ ಬೆನ್ನು ಉದ್ದಕ್ಕೂ ಹರಿದಿತ್ತು.

“ಅಪ್ಪನಿಗೆ ಹೇಳ್ಬೇಡ. ಅವರ ಬಾಯಲ್ಲಿ ಸುಳ್ಳು ನಿಲ್ಲಲ್ಲ” ಎಂದರು. ಅದು ನಿಜ. “ಈ ಅಂಗಿ ಹಾಕ್ಕೊಂಡು ರಸ್ತೆ ದಾಟೋಕಾಗಲ್ಲ. ಬೇರೆ ಯಾವುದಾದ್ರೂ ಇದ್ರೆ ಕೊಡು.”

ನಾನು ಬೀರುವಿನಿಂದ ಮೇಷ್ಟ್ರ ಅಂಗಿ ತಂದುಕೊಟ್ಟೆ. ಅವರು ನೋಡಲಿಲ್ಲ, ಕೇಳಲಿಲ್ಲ, ಹಾಕಿಕೊಂಡರು. ಒಂದು ಪಾತ್ರೆ ಅನ್ನವನ್ನು ನಿಂತೇ ತಿಂದರು. ಗುಡ್ಡದ ಕಡೆ ಇನ್ನೂ ಹನ್ನೊಂದು ಜನ ಇದ್ದಾರಂತೆ. ಮಲಗಿದ್ದ ಮಗಳನ್ನು ಬಾಗಿಲ ಸಂದಿಯಿಂದ ನೋಡಿದರು. ಬರ್ತೀನಿ ಅಂದರು. ಅಷ್ಟೇ. ಸೈನ್ಯದ ಅಂಗಿ ಹಂಡೆಯ ಕೆಳಗಿನ ಬೆಂಕಿಗೆ ಹೋಯಿತು.

ಪೆಟ್ಟಿಗೆ ತೆಗೆದರೆ ಮುಚ್ಚಳ ಕಿರುಗುಡುತ್ತದೆ, ಮಾವನಿಗೆ ಎಚ್ಚರವಾಗುತ್ತದೆ. ಅದಕ್ಕೇ ಅವರ ಅಂಗಿ ತೆಗೆಯಲಿಲ್ಲ.

ಮಾರ್ಚ್ 7, ಶುಕ್ರವಾರ

ಬೀರುವಿನಲ್ಲಿ ಖಾಲಿ ಕಾಣುತ್ತಿದ್ದ ಜಾಗದಲ್ಲಿ ದಿಂಬಿನ ಚೀಲ ಮಡಿಸಿ ಇಟ್ಟಿದ್ದೇನೆ. ಮೇಷ್ಟ್ರಿಗೆ ಹಾಗೇ ಒಂದು ಅಂಗಿ ಹೊಲಿಸಿಕೊಟ್ಟರಾಯಿತು. ಶಾಲೆಯೇನು ನಾಳೆಯೇ ತೆರೆಯುವುದಿಲ್ಲ.

ಮಾರ್ಚ್ 12, ಬುಧವಾರ

ಬೆಳಗ್ಗೆ ನೆಲ ನಡುಗಿತು. ಬೀರುವಿನ ಗಾಜು ಗಲಗಲ ಎಂದಿತು. ನದಿಯ ಸೇತುವೆ ಉಡಾಯಿಸಿದ್ದಾರೆ. ಹೊಸಬರ ಎರಡು ಲಾರಿ ನೀರಿಗೆ ಬಿದ್ದಿವೆಯಂತೆ. ಯಾರು ಮಾಡಿದರು ಎಂದು ಬೀದಿಯಲ್ಲಿ ಯಾರೂ ಯಾರನ್ನೂ ಕೇಳುತ್ತಿಲ್ಲ. ನಾನೂ ಕೇಳಲಿಲ್ಲ. ಇಡೀ ದಿನ ಚಾದರ ಹಿಂಡಿದೆ, ಅಂಗೈ ಸುಲಿದು ಬಂದಿದೆ.

ಮಾರ್ಚ್ 14, ಶುಕ್ರವಾರ

ಗಂಜಿ ಸಾಹೇಬ ಬಂದಿದ್ದ. ಹೊಸಬರ ಅಧಿಕಾರಿ. ಅಂಗಿ ತಾನಾಗಿ ಎದ್ದು ನಿಲ್ಲುವಷ್ಟು ಗಂಜಿ ಹಾಕಿಸಿಕೊಳ್ಳುತ್ತಾನೆ ಎಂದು ನಾನೇ ಇಟ್ಟ ಹೆಸರು. ಪ್ರತಿ ಮಂಗಳವಾರ ಅವನದೂ ಅವನ ಕಡೆಯವರದೂ ಗಂಟು ನಮ್ಮಲ್ಲಿಗೇ ಬರುತ್ತದೆ. ಇವತ್ತು ಗಂಟಿರಲಿಲ್ಲ. ಬೀದಿಯವರೆಲ್ಲ ನೋಡುತ್ತಿದ್ದಂತೆ ನಗುನಗುತ್ತಾ ಬೆಂಚಿನ ಮೇಲೆ ಕೂತ.

“ಅಜ್ಜ, ಗುರುತು ನೋಡಿದ್ರೆ ಸಾಕು, ಯಾರ ಮನೇದು ಅಂತ ಹೇಳ್ಬಿಡ್ತೀರಂತೆ. ನಿಜಾನಾ?”

ಮಾವನ ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಹಾಗೆ ಕೇಳಿದ್ದಿಲ್ಲ. “ಕತ್ತಲಲ್ಲಿ ಬೆರಳಾಡಿಸಿದ್ರೂ ಹೇಳ್ತೀನಿ ಸಾಹೇಬ್ರೆ.”

ಅವನು ಜೇಬಿನಿಂದ ಒಂದು ತುಂಡು ಬಟ್ಟೆ ತೆಗೆದ. ಕತ್ತರಿಸಿದ ಕಾಲರು, ಅಷ್ಟೇ. ನಾನು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ. ಗುರುತು ನನಗೆ ದೂರದಿಂದಲೇ ಕಂಡಿತು. ಮಾವ ಎಂದು ಕೂಗಬೇಕಿತ್ತು, ಕೆಂಡವನ್ನಾದರೂ ಕೆಳಗೆ ಚೆಲ್ಲಬೇಕಿತ್ತು. ಏನೂ ಮಾಡಲಿಲ್ಲ, ಇಕ್ಕಳ ಹಿಡಿದು ನಿಂತಿದ್ದೆ.

“ಮೂರು ಚುಕ್ಕಿ, ಕೊಂಬು. ಮೇಷ್ಟ್ರದು” ಎಂದರು ಮಾವ. “ಎಲ್ಲಿ ಸಿಕ್ತು? ಕೊಡಿ, ತಲುಪಿಸ್ತೀವಿ.”

“ಸೇತುವೆ ಕೆಳಗೆ, ಮುಳ್ಳಿನ ಪೊದೇಲಿ. ನಾವೇ ತಲುಪಿಸ್ತೀವಿ ಬಿಡಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ಧ ಗಂಟೆಯಲ್ಲಿ ಮೇಷ್ಟ್ರನ್ನು ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ನಮ್ಮ ಅಂಗಡಿಯ ಮುಂದೆಯೇ ನಡೆಸಿಕೊಂಡು ಹೋದರು. ಕನ್ನಡಕದ ಡಬ್ಬಿ ಕೈಯಲ್ಲಿತ್ತು. ಮಾವ ಮೆಟ್ಟಿಲ ಮೇಲೆ ನಿಂತಿದ್ದರು. ಮೇಷ್ಟ್ರು ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಮಾರ್ಚ್ 15, ಶನಿವಾರ

ಆ ಚೀಟಿ ಮೇಷ್ಟ್ರ ಹತ್ತಿರ ಇದೆ. ಅಂಗಿ ಲಾಂಡ್ರಿಯಲ್ಲಿದೆ ಸಾಹೇಬ್ರೆ, ನೋಡಿ ಚೀಟಿ, ಅಂದರೆ ಮುಗಿಯಿತು. ಅವರು ಹೊರಗೆ, ನಾವು ಒಳಗೆ. ನನ್ನನ್ನು ಎರಡೇಟು ಹೊಡೆದರೆ ಗುಡ್ಡದ ಹೆಸರು ಬಾಯಿಗೆ ಬಂದೀತು.

ಚೀಟಿ ಪುಸ್ತಕದಲ್ಲಿ ಉಳಿದಿದ್ದ ಅದರ ಅರ್ಧವನ್ನು ಹುಡುಕಿ ಒಲೆಗೆ ಹಾಕಿದೆ. ಹೊರಗೆ ಬೂಟಿನ ಸದ್ದಾದಾಗಲೆಲ್ಲ ಕೈ ತಾನಾಗಿ ನೀಲಿ ಡಬ್ಬದ ಕಡೆ ಹೋಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವತ್ತು ಎಷ್ಟು ಸಲ ಮುಟ್ಟಿಕೊಂಡೆನೋ.

ಮಾರ್ಚ್ 16, ಭಾನುವಾರ

ಹೊಸಬರು ಇಲ್ಲಿಗೆ ಬರಲಿಲ್ಲ. ಮೇಷ್ಟ್ರ ಮನೆ ಜಾಲಾಡಿ ಕಾಗದವನ್ನೆಲ್ಲ ಬೀದಿಗೆ ಎಸೆದಿದ್ದಾರೆ. ಚೀಟಿಯೂ ಅದರಲ್ಲೇ ಹೋಗಿರಬೇಕು. ಹೋಗಿದ್ದರೆ ಸಾಕು.

ಮಾರ್ಚ್ 18, ಮಂಗಳವಾರ

ಮೇಷ್ಟ್ರ ಹೆಂಡತಿ ಬಟ್ಟೆ ತಂದಳು. ಬರುತ್ತಾಳೆ ಎಂದುಕೊಂಡಿರಲಿಲ್ಲ. ಬೀದಿಯಲ್ಲಿ ಅರ್ಧ ಮನೆಯವರು ನಮ್ಮಲ್ಲಿಗೆ ಬರುವುದನ್ನು ಬಿಟ್ಟಿದ್ದಾರೆ. ಬೇಕರಿಯವನು ಮಾವನ ಮುಖಕ್ಕೇ, “ಮೇಷ್ಟ್ರನ್ನ ಹಿಡಿದುಕೊಟ್ಟು ಎಷ್ಟು ದಿನ ಅನ್ನ ತಿಂತೀಯ” ಎಂದ. ಮಾವ ಒಳಗೆ ಹೋಗಿ ಮಲಗಿದರು. ರಾತ್ರಿ ಊಟಕ್ಕೂ ಏಳಲಿಲ್ಲ.

ಅವಳು ತಂದದ್ದು ಎರಡು ಸೀರೆ, ಒಂದು ಅಂಗಿ. ಎಣಿಸಲಿಲ್ಲ. “ಯಾವಾಗ ಬಿಟ್ರೂ ಹಾಕ್ಕೊಳ್ಳೋಕೆ ಬೇಕಲ್ಲ” ಎಂದಳು.

ಒಗೆಯಲು ಕೂತಾಗ ನೋಡಿದೆ. ಕಾಲರು ನೋಡಿದರೆ ಆ ಮನುಷ್ಯ ಎಷ್ಟು ದೂರ ನಡೆದ, ಯಾವ ಎಣ್ಣೆ ಹಚ್ಚಿದ, ಜ್ವರ ಬಂದಿತ್ತೋ ಇಲ್ಲವೋ ಎಲ್ಲ ಗೊತ್ತಾಗುತ್ತದೆ. ಈ ಅಂಗಿಯ ಕಾಲರಿನಲ್ಲಿ ಏನೂ ಇಲ್ಲ. ಹೋದ ವಾರ ನಾನೇ ಮಾಡಿಕೊಟ್ಟ ಇಸ್ತ್ರಿಯ ಗೆರೆ ಹಾಗೇ ಇದೆ. ಯಾರೂ ತೊಟ್ಟಿಲ್ಲ. ಆದರೂ ಒಗೆದೆ.

ಮಾರ್ಚ್ 22, ಶನಿವಾರ

ಅದೇ ಅಂಗಿ ಮತ್ತೆ ಬಂತು. ಅದೇ ಗೆರೆ. ಸೋಪು ಹಚ್ಚಿ ಉಜ್ಜಿದೆ, ನೊರೆ ಬೆಳ್ಳಗೇ ಇತ್ತು. ಕೊಳೆ ಇರುವ ಬಟ್ಟೆ ಒಗೆಯುವುದು ಎಷ್ಟು ಸುಲಭ.

ಮಾವ ಹೇಳುತ್ತಿದ್ದರು, ನನಗೋ ಗೋಡೆಗೋ ಗೊತ್ತಿಲ್ಲ: “ಗುರುತು ಸುಳ್ಳು ಹೇಳಲ್ಲ. ಆದ್ರೆ ಮೇಷ್ಟ್ರು ಅಂಥ ಕೆಲಸ ಮಾಡೋರೂ ಅಲ್ಲ. ಎಲ್ಲಿ ತಪ್ಪಿತು?”

ನಾನು ಗಂಜಿ ಕಲಕುತ್ತಿದ್ದೆ. ತಳ ಹಿಡಿಯಿತು.

ಮಾರ್ಚ್ 24, ಸೋಮವಾರ

ಶಾಲೆಯ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಬರುವ ಭಾನುವಾರ ಬೆಳಗ್ಗೆ ಶಾಲೆಯ ಮೈದಾನದಲ್ಲೇ ಮೇಷ್ಟ್ರಿಗೆ ಗುಂಡು. ಮನೆಗೊಬ್ಬರು ಬಂದು ನೋಡಲೇಬೇಕಂತೆ. ಮಗಳು ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆ ಅಕ್ಷರ ಕಲಿಸಿದವರೂ ಅವರೇ. ಅವಳನ್ನು ಎಳೆದುಕೊಂಡು ಒಳಗೆ ಬಂದೆ.

ಮಗಳನ್ನು ಹಿತ್ತಲಿಗೆ ಕಳಿಸಿ ಮಾವನಿಗೆ ಎಲ್ಲ ಹೇಳಿದೆ. ಆವಿ, ಗಡ್ಡ, ಅನ್ನ, ಬೀರು. ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ.

“ತೆಳ್ಳಗಾಗಿದ್ನಾ?” ಎಂದು ಕೇಳಿದರು.

“ಹೂಂ.”

“ಕೆಮ್ಮು?”

“ಇರ್ಲಿಲ್ಲ ಮಾವ.”

ಆಮೇಲೆ ಮೆಲ್ಲಗೆ ಕೇಳಿದರು: “ಪೆಟ್ಟಿಗೇಲಿ ಅವನದೇ ಅಂಗಿ ಇತ್ತಲ್ಲಮ್ಮ?”

ಮುಚ್ಚಳ ಕಿರುಗುಡುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅದು ಸುಳ್ಳು. ಮುಚ್ಚಳಕ್ಕೆ ನಾನೇ ಎಣ್ಣೆ ಬಿಟ್ಟಿದ್ದೇನೆ, ದಿನಾ ತೆಗೆಯುತ್ತೇನಲ್ಲ. ಅವರು ಮತ್ತೆ ಹೊರಟುಹೋಗುತ್ತಾರೆ, ಅಂಗಿಯೂ ಹೋದರೆ ನನ್ನ ಹತ್ತಿರ ಏನು ಉಳಿಯುತ್ತದೆ ಅನಿಸಿತ್ತು. ಅವರ ಮೈಯ ವಾಸನೆ ನನಗೆ ಬೇಕಿತ್ತು, ಅದಕ್ಕೆ ಇನ್ನೊಬ್ಬರ ಅಂಗಿ ಕೊಟ್ಟೆ. ಇದನ್ನು ಮಾವನಿಗೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

“ನಾನು ಹೋಗಿ ಹೇಳ್ಬಿಡ್ತೀನಿ” ಎಂದೆ.

“ಹೇಳಿದ್ರೆ ಅವನು ಎಲ್ಲಿ ಅಂತ ಕೇಳ್ತಾರೆ. ಆ ಹನ್ನೊಂದು ಜನಾನೂ ಹೋಗ್ತಾರೆ. ಈ ಮಗೂನ ಯಾರು ನೋಡ್ತಾರೆ?” ಎಂದರು. ಆಮೇಲೆ, “ಗುರುತು ಓದಿದೋನು ನಾನು. ಗುರುತೇ ಸುಳ್ಳು ಅಂತಾದ್ರೆ?” ಎಂದರು. ಎದ್ದು ಮಸಿಯ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

ಮಾರ್ಚ್ 25, ಮಂಗಳವಾರ

ಹೊಸಬರ ಗಂಟು ಎಂದಿನಂತೆ ಬಂತು, ನಲವತ್ತು ಅಂಗಿ. ಅವಕ್ಕೂ ಮಾವನೇ ಬೇರೆ ಬೇರೆ ಗುರುತು ಹಾಕಿಟ್ಟಿದ್ದಾರೆ. ಗಂಜಿ ಸಾಹೇಬನದು ಬಾಣದ ತುದಿ.

ಮಾವ ಬಾಗಿಲು ಅರ್ಧ ಹಾಕಿ ಕೂತರು. ಹದಿನಾಲ್ಕು ಕಾಲರುಗಳಲ್ಲಿ ಹಳೆಯ ಗುರುತಿನ ಪಕ್ಕದಲ್ಲೇ ಮೂರು ಚುಕ್ಕಿ, ಒಂದು ಕೊಂಬು. ಗಂಜಿ ಸಾಹೇಬನ ಮೂರೂ ಅಂಗಿಗೂ ಅದೇ. ಮಿಕ್ಕವಕ್ಕೆ ಬೇಕರಿಯ ಸೊನ್ನೆ, ಡಾಕ್ಟರ ಗೆರೆ, ಕೈಗೆ ಬಂದದ್ದು. ಮೊದಲ ಅಂಗಿಗೆ ಮಸಿಯ ಕಡ್ಡಿ ಇಡುವಾಗ ಅವರ ಕೈ ಹಿಂದಕ್ಕೆ ಬಂತು. ಎರಡು ಸಲ ಬಂತು.

“ನಾನು ಹಾಕ್ಲಾ ಮಾವ?”

“ಬೇಡ. ನಿನ್ನ ಕೈಗೆ ತಪ್ಪು ಅಭ್ಯಾಸ ಆಗ್ಬಾರದು.”

ಆಮೇಲೆ ಗಂಟುಗಳನ್ನು ಬೆರೆಸಿದರು. ದಪ್ಪನವನ ಅಂಗಿ ಸಣ್ಣವನಿಗೆ, ಅಡುಗೆಯವನದು ಕಾವಲಿನವನಿಗೆ. ಹಾಗೆ ಕಟ್ಟುವಾಗ ಅವರ ಕಣ್ಣಲ್ಲಿ ನೀರು ಬಂತು. ಹೊಗೆ ಎಂದರು. ಒಲೆ ಹಚ್ಚಿರಲೇ ಇಲ್ಲ.

ಮಾರ್ಚ್ 27, ಗುರುವಾರ

ಎಲ್ಲವನ್ನೂ ಸಾಲಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಹತ್ತು ಗಂಟೆಗೆ ಹೊಸಬರ ಅಡುಗೆಯವನು ಮೊದಲು ಬಂದ. ಆನೆಯಂಥ ಆಳು, ಹೊಕ್ಕುಳ ಮೇಲಕ್ಕೇ ನಿಂತ ಅಂಗಿ. ಹಿಂದೆಯೇ ಇನ್ನು ಆರು ಜನ. ಒಬ್ಬನ ತೋಳು ಮೊಣಕಾಲು ಮುಟ್ಟುತ್ತಿತ್ತು. ಬೀದಿಯವರು ಬಾಗಿಲಿಗೆ ಬಂದು ನಿಂತರು. ನಗಬಾರದು ಎಂದು ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಗಂಜಿ ಸಾಹೇಬನ ಜೀಪು ಬಂತು, ನಗು ಅಲ್ಲೇ ಸತ್ತಿತು.

ತನ್ನ ಅಂಗಿಯ ಕಾಲರು ಮಡಿಸಿ ಮಾವನ ಮೂಗಿಗೆ ಹಿಡಿದ. “ಇದು ಯಾರ ಗುರುತು?”

ಮಾವ ಬಟ್ಟೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. “ಡಾಕ್ಟರದಾ ಸಾಹೇಬ್ರೆ?”

“ಅವತ್ತು ಇದೇ ಗುರುತಿಗೆ ಮೇಷ್ಟ್ರದು ಅಂದೆ.”

ಮಾವ ತಲೆ ತಗ್ಗಿಸಿದರು. “ಕಣ್ಣು ಹೋಗಿದೆ ಸಾಹೇಬ್ರೆ. ಎರಡು ವರ್ಷ ಆಯ್ತು. ಅಂದಾಜಿಗೆ ಹಾಕ್ತೀನಿ, ಅಂದಾಜಿಗೆ ಹೇಳ್ತೀನಿ. ಅವತ್ತು ಅಷ್ಟು ಜನರ ಮುಂದೆ ಕೇಳಿದ್ರಿ. ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗುತ್ತೆ. ಎದುರಿಗೆ ಶಾಲೆ ಕಾಣ್ತು, ಮೇಷ್ಟ್ರು ಅಂದ್ಬಿಟ್ಟೆ.”

ಸಾಹೇಬ ಬೀರುವಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ಒಂದೊಂದಾಗಿ ಹಿಡಿಯತೊಡಗಿದ. ಇದು? ಇದು? ಮಾವ ಒಂದೂ ಸರಿ ಹೇಳಲಿಲ್ಲ. ಸೊನ್ನೆ ಹಿಡಿದರೆ ದರ್ಜಿ ಅಂದರು, ಎರಡು ಗೆರೆ ಹಿಡಿದರೆ ಬೇಕರಿ ಅಂದರು. ಸರಿಯಾದದ್ದು ಪ್ರತಿ ಸಲವೂ ಅವರ ಗಂಟಲಿನವರೆಗೆ ಬಂದು ನಿಲ್ಲುವುದು ನನಗೆ ಕಾಣುತ್ತಿತ್ತು.

ಆಗ ಮಗಳು. ಅವಳಿಗೆ ನಾವು ಏನೂ ಹೇಳಿರಲಿಲ್ಲ. “ತಾತ, ಅದು ಡಾಕ್ಟರದು. ಎರಡು ಗೆರೆ ಡಾಕ್ಟರದು ಅಂತ ನೀನೇ ಹೇಳಿಕೊಟ್ಟಿದ್ಯಲ್ಲ” ಎಂದಳು. ಸಾಹೇಬ ಅವಳ ಕಡೆ ತಿರುಗಿದ.

ಮಾವ ಅವಳ ದನಿ ಬಂದ ಕಡೆಗೆ ಕೈ ಚಾಚಿ, ಬೇಕೆಂದೇ ಒಂದು ಮೊಳ ಆಚೆ ಗಾಳಿ ತಡಕಿದರು. “ಹೌದಾ ಕಂದ? ತಾತನಿಗೆ ಕಾಣಲ್ಲಮ್ಮ.” ಮಗು ಜೋರಾಗಿ ಅತ್ತುಬಿಟ್ಟಳು. ಆ ಅಳು ನಿಜವಾದದ್ದು. ಅದನ್ನು ಕೇಳಿ ಸಾಹೇಬನ ಜೊತೆ ಬಂದವರೂ ನೆಲ ನೋಡಿದರು.

ಹಿಂದೆ ನಿಂತಿದ್ದ ಕಾವಲಿನವನು ಇನ್ನೊಬ್ಬನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: “ಹಾಗಾದ್ರೆ ಸೇತುವೆ ಉಡಾಯಿಸಿದ್ದು ನಮ್ಮ ಸಾಹೇಬ್ರೇನಾ?” ಸಾಹೇಬನಿಗೂ ಕೇಳಿಸಿತು. ಅವನು ಮಸಿಯ ಸೀಸೆ ತೆಗೆದು ಮಾವನ ಎದೆಯ ಮೇಲೆ ಸುರಿದ. ಬಿಳಿ ಅಂಗಿ. ಮಸಿ ಹೊಟ್ಟೆಯವರೆಗೆ ಇಳಿಯಿತು.

“ಇನ್ನೊಂದು ಸಲ ಈ ಅಂಗಡೀಲಿ ಗುರುತು ಹಾಕಿದ್ರೆ ಕೈ ತೆಗೀತೀನಿ” ಎಂದು ಹೋದ.

ಜನ ಚದುರಿದರು. ಬೇಕರಿಯವನು ನಗುತ್ತಾ, “ಕುರುಡು ಲಾಂಡ್ರಿ” ಎಂದ. ಇನ್ನಿಬ್ಬರು ನಕ್ಕರು. ಮಾವ ಒಳಗೆ ಬಂದು ಗೋಡೆಗೆ ಒರಗಿ ಕೂತರು. ನಲವತ್ತು ವರ್ಷ ಒಂದೇ ಬೆಳಗ್ಗೆ ಹೋಯಿತು. ನನ್ನಿಂದ ಹೋಯಿತು. ಅವರ ಕಾಲು ಹಿಡಿದುಕೊಂಡೆ. “ಏಳಮ್ಮ, ಹಂಡೆ ಆರಿಹೋಗುತ್ತೆ” ಎಂದರು.

ಮಾರ್ಚ್ 30, ಭಾನುವಾರ

ನೋಟೀಸು ಇಲ್ಲ, ಹರಿದಿದ್ದಾರೆ. ಮೈದಾನದಲ್ಲಿ ಯಾರೂ ಇಲ್ಲ. ಎರಡು ಸಲ ಹೋಗಿ ನೋಡಿಬಂದೆ.

ಏಪ್ರಿಲ್ 2, ಬುಧವಾರ

ಮೇಷ್ಟ್ರನ್ನು ಬಿಟ್ಟರು. ಇಬ್ಬರು ಹಿಡಿದುಕೊಂಡು ಕರೆತಂದರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ, ಹೊರಗೆ ಹೋಗಲಿಲ್ಲ. ಆ ಮನೆಯಿಂದ ಅಳುವ ಸದ್ದು ಕೇಳಿಸಿತು, ಆಮೇಲೆ ಪಾತ್ರೆಗಳ ಸದ್ದು.

ಮಾವ ಈಗ ಹೊರಗೆ ಕೋಲು ಹಿಡಿದು ನಡೆಯುತ್ತಾರೆ. ಇನ್ನು ಸಾಯುವವರೆಗೂ ಹೀಗೆಯೇ. ಅಂಗಡಿಯಲ್ಲಿ ಬಟ್ಟೆ ಎತ್ತಿ “ಯಾರದಮ್ಮ ಇದು?” ಎನ್ನುತ್ತಾರೆ, ನಾನು ಹೇಳುತ್ತೇನೆ. ಗುರುತಿನ ಬದಲು ಬಣ್ಣದ ದಾರ ಕಟ್ಟುತ್ತೇವೆ. ಆ ಮಸಿಯ ಅಂಗಿಯನ್ನೇ ದಿನಾ ತೊಡುತ್ತಾರೆ.

ಮಗಳು ಇವತ್ತು ದರ್ಜಿಯ ಪಂಚೆಯನ್ನು ಬೇರೆ ಗಂಟಿಗೆ ಸೇರಿಸಿದ್ದಳು. ಗೊತ್ತಿತ್ತು ಅಮ್ಮ, ಮರೆತೆ ಅಂದಳು. ನಿನಗೆ ಗೊತ್ತಿದ್ರೆ ಸಾಲದು, ಕೈಗೆ ಗೊತ್ತಿರ್ಬೇಕು ಎಂದು ಬೈದೆ.

ಏಪ್ರಿಲ್ 5, ಶನಿವಾರ

ಮೇಷ್ಟ್ರು ಬಂದರು. ಎಡಗೈ ಎತ್ತಲಾಗುತ್ತಿರಲಿಲ್ಲ. ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೇಷ್ಟ್ರು ಅವರ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಒಳಗೆ ಬಂದರು.

“ಸೋಮವಾರ ಶಾಲೆ ತೆರೀತಾರಂತೆ ಅಮ್ಮ” ಎಂದರು. ಕನ್ನಡಕದ ಡಬ್ಬಿ ತೆರೆದು ಒಳಗಿನ ಬಟ್ಟೆಯ ಅಂಟು ಬಿಡಿಸಿದರು. ಅದರಡಿಯಿಂದ ನಾಲ್ಕು ಮಡಿಕೆಯ ಚೀಟಿ ಬಂತು. ನನ್ನದೇ ಅಕ್ಷರ. ಬಿಳಿ ಅಂಗಿ, ಉದ್ದ ತೋಳು, ಒಂದು.

“ಇದು ನಿಮ್ಮ ಹತ್ರಾನೇ ಇತ್ತಾ?”

“ಕಳೆಯೋನಲ್ಲ ಅಂದಿದ್ನಲ್ಲಮ್ಮ.”

“ತೋರಿಸಿದ್ರೆ ಅವತ್ತೇ ಬಿಡ್ತಿದ್ರು.”

“ಬಿಡ್ತಿದ್ರು. ಆಮೇಲೆ ನೇರ ಇಲ್ಲಿಗೆ ಬರ್ತಿದ್ರು.” ಕನ್ನಡಕ ಒರೆಸಿಕೊಂಡರು. “ನಿ‌ನ್ನ ಗಂಡ ನನ್ನ ಹತ್ರಾನೇ ಕಾಗುಣಿತ ಕಲಿತೋನು. ಕೊಂಬು ಹಾಕೋದು ಮರೀತಿದ್ದ, ಎಷ್ಟು ಸಲ ತಿದ್ದಿದೀನೋ. ಅಂಗಿ ಇಲ್ಲ ಅಂತ ನನಗೆ ಗೊತ್ತು. ಚೀಟಿ ಇನ್ನು ನನ್ನ ಹತ್ರ ಇರೋದು ಒಳ್ಳೇದಲ್ಲ. ಹರಿದುಬಿಡಮ್ಮ, ಸಾಕು.”

ಹತ್ತೊಂಬತ್ತು ದಿನ. ಅದು ಅಲ್ಲೇ ಇತ್ತು, ಅವರ ಕೈಗೆ ಸಿಗುವಷ್ಟು ಹತ್ತಿರ. ನಾನು ಇಲ್ಲಿ ಕೂತು ಅದು ಕಳೆದುಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

“ಬಟ್ಟೆ ಕೈಗೆ ಕೊಡದೆ ಚೀಟಿ ಹರಿಯೋ ಹಾಗಿಲ್ಲ ಮೇಷ್ಟ್ರೆ” ಎಂದೆ. “ಸೋಮವಾರ ಬೆಳಗ್ಗೆ ಬನ್ನಿ.”

ಹೊರಗೆ ಬೆಂಚಿನ ಮೇಲಿದ್ದ ಮಾವ ನನ್ನ ಕಡೆ ತಿರುಗಿ ನೋಡಿದರು. ಕುರುಡರು ಹಾಗೆ ನೋಡಬಾರದು, ಆಮೇಲೆ ಹೇಳಬೇಕು.

ಏಪ್ರಿಲ್ 6, ಭಾನುವಾರ

ಪೆಟ್ಟಿಗೆ ತೆಗೆದೆ. ಹಂಡೆಗೆ ಹಾಕುವ ಮುಂಚೆ ಅಂಗಿಯನ್ನು ಮುಖಕ್ಕೆ ಹಿಡಿದುಕೊಂಡೆ. ನೀರು ಕುದಿದು ಅರ್ಧವಾಗುವವರೆಗೂ ಹಿಡಿದುಕೊಂಡಿದ್ದೆ. ಆಮೇಲೆ ಎಲ್ಲರ ಅಂಗಿಗೆ ಹಚ್ಚುವಂತೆಯೇ ಕಾಲರಿಗೆ ಮೊದಲು ಸೋಪು ಹಚ್ಚಿದೆ. ನೊರೆ ಕಪ್ಪಗೆ ಬಂತು. ಎರಡನೆಯ ನೀರಿಗೆ ಬೂದು, ಮೂರನೆಯದಕ್ಕೆ ಬಿಳಿ.

ಬಿಸಿಲು ಚೆನ್ನಾಗಿತ್ತು, ಮಧ್ಯಾಹ್ನದೊಳಗೆ ಒಣಗಿತು.

ಒಳಕೋಣೆಯ ಬಾಗಿಲು ಹಾಕಿಕೊಂಡು ಮಾವ ಸೀಸೆಯ ತಳದಲ್ಲಿ ಉಳಿದಿದ್ದ ಮಸಿಯಲ್ಲಿ ಕಡ್ಡಿ ಅದ್ದಿದರು. ಬೇಡ ಮಾವ, ಕೈ ತೆಗೀತಾರೆ ಎಂದೆ. ಗುರುತಿಲ್ಲದೆ ಬಟ್ಟೆ ಕೊಡೋದು ಹೇಗಮ್ಮ ಎಂದರು. ಮೂರು ಚುಕ್ಕಿ, ಒಂದು ಕೊಂಬು. ಈ ಸಲ ಕೈ ಹಿಂದಕ್ಕೆ ಬರಲಿಲ್ಲ.

ಏಪ್ರಿಲ್ 7, ಸೋಮವಾರ

ಮೇಷ್ಟ್ರು ಇಲ್ಲೇ ಒಳಗೆ ಹೋಗಿ ಅಂಗಿ ತೊಟ್ಟುಕೊಂಡು ಬಂದರು. ಎಡತೋಳನ್ನು ನಾನೇ ಹಾಕಿಕೊಟ್ಟೆ. ತೋಳು ಎರಡು ಬೆರಳು ಉದ್ದ, ಒಂದು ಮಡಿಕೆ ಮಡಿಸಿದೆ. ಯಾರದು ಎಂದು ಅವರು ಕೇಳಲಿಲ್ಲ. ಗುಂಡಿ ಹಾಕಿಕೊಳ್ಳುವಾಗ ಬೆರಳು ನಿಂತಿತು, ಮತ್ತೆ ಹಾಕಿಕೊಂಡರು.

ಚೀಟಿ ಹರಿದೆ.

ಮಗಳು ಅವರ ಕೈ ಹಿಡಿದುಕೊಂಡು ಶಾಲೆಗೆ ಹೊರಟಳು. ಮೆಟ್ಟಿಲ ಮೇಲೆ ನಿಂತು ನೋಡಿದೆ. ಹಿಂದಿನಿಂದ ಅಂಗಿಯ ಬೆನ್ನು ಮಾತ್ರ ಕಾಣುತ್ತಿತ್ತು, ಭುಜದ ಹತ್ತಿರ ಸ್ವಲ್ಪ ಸಡಿಲ. ಗೇಟು ದಾಟುವವರೆಗೂ ನೋಡಿದೆ. ಆಮೇಲೆ ಒಳಗೆ ಬಂದು ಡಾಕ್ಟರ ಗಂಟು ಬಿಚ್ಚಿದೆ.